ಮ್ಯಾಕ್ ಅಂದ್ರೆ ಬರೀ ಕ್ಷಿಪಣಿಯ ವೇಗವಲ್ಲ: ಐನ್‌ಸ್ಟೈನ್‌ಗೆ ದಾರಿ ತೋರಿಸಿದ ಅನುಮಾನದ ಮನುಷ್ಯ

ಬ್ರಹ್ಮೋಸ್ ಕ್ಷಿಪಣಿಯ ವಿಡಿಯೊ ವಾಟ್ಸಾಪ್‌ಗೆ ಬಂದಾಗಲೆಲ್ಲ ಅದರ ಜೊತೆ ಮ್ಯಾಕ್ 2.8 ಎಂಬ ಸಂಖ್ಯೆಯೂ ಬರುತ್ತದೆ. ಕೆಲವರು ಅದನ್ನು ಕಿಲೋಮೀಟರ್‌ಗೆ ಬದಲಿಸಿ, ಒಂದು ಮ್ಯಾಕ್ ಎಂದರೆ ಗಂಟೆಗೆ 1,225 ಕಿ.ಮೀ. ಎಂದು ವಿವರಣೆಯನ್ನೂ ಸೇರಿಸಿ ಕಳಿಸುತ್ತಾರೆ. ಇದು ಅರ್ಧ ಸತ್ಯ. ಮ್ಯಾಕ್ ಎನ್ನುವುದು ಕಿಲೋಮೀಟರ್ ಥರದ ಅಳತೆಯಲ್ಲ. ಒಂದು ವಸ್ತು ತನ್ನ ಸುತ್ತಲಿನ ಗಾಳಿಯಲ್ಲಿ ಶಬ್ದ ಸಾಗುವ ವೇಗಕ್ಕಿಂತ ಎಷ್ಟು ಪಟ್ಟು ವೇಗದಲ್ಲಿದೆ ಎಂಬ ಲೆಕ್ಕ ಅಷ್ಟೆ. ನೆಲದ ಹತ್ತಿರ ಶಬ್ದ ಗಂಟೆಗೆ 1,225 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತದೆ, ವಿಮಾನಗಳು ಹಾರುವ 11 ಕಿ.ಮೀ. ಎತ್ತರದ ಕೊರೆಯುವ ಗಾಳಿಯಲ್ಲಿ 1,060ರ ಸುತ್ತ. ಹಾಗಾಗಿ ಮ್ಯಾಕ್ 1 ಎಲ್ಲ ಕಡೆಯೂ ಒಂದೇ ವೇಗವಲ್ಲ.

ಆ ಹೆಸರಿನ ಹಿಂದಿರುವವರು ಅರ್ನ್ಸ್ಟ್ ಮಾಕ್. (ಜರ್ಮನ್ ಉಚ್ಚಾರಣೆ ಮಾಖ್‌ಗೆ ಹತ್ತಿರ. ಇಲ್ಲಿ ಮಾಕ್ ಎಂದೇ ಬರೆಯುತ್ತೇನೆ.) ಅವರು ಬದುಕಿದ್ದಾಗ ಈ ಹೆಸರು ಇರಲೇ ಇಲ್ಲ. ಅವರು ತೀರಿಕೊಂಡು 13 ವರ್ಷಗಳಾದ ಮೇಲೆ, 1929ರಲ್ಲಿ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಯಾಕೋಬ್ ಆಕರೆಟ್ ಇಟ್ಟ ಹೆಸರದು.

ಐನ್‌ಸ್ಟೈನ್ ತಪ್ಪು ಎಂದು ಸಾಧಿಸಲು ಹೊರಡುವ ಬರಹಗಳಲ್ಲೂ ಇದೇ ಮಾಕ್ ಸಾಕ್ಷಿಯಾಗಿ ಬರುವುದುಂಟು. ಐನ್‌ಸ್ಟೈನ್ ಗುರುವಿನಂತೆ ಕಂಡ ವ್ಯಕ್ತಿಯೇ ಸಾಪೇಕ್ಷತಾ ಸಿದ್ಧಾಂತವನ್ನು ತಿರಸ್ಕರಿಸಿದರಂತೆ ಎಂಬ ಕಥೆ. ಅದು ನಿಜವೇ ಎಂದು ನೋಡಲು ಮೊದಲು ಅವರ ಬದುಕಿಗೆ ಹೋಗಬೇಕು. ಆ ಬದುಕಿನಲ್ಲಿ ಗರಗರ ತಿರುಗುವ ವಸ್ತುಗಳು ಒಂದಾದ ಮೇಲೊಂದು ಬರುತ್ತವೆ.

ಓದಿಗೆ ಲಾಯಕ್ಕಿಲ್ಲದ ಹುಡುಗ

ಮಾಕ್ ಹುಟ್ಟಿದ್ದು 1838ರ ಫೆಬ್ರವರಿ 18ರಂದು, ಮೊರಾವಿಯಾದ ಬ್ರನೊ ನಗರದ ಹತ್ತಿರ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಜೆಕ್ ಗಣರಾಜ್ಯದಲ್ಲಿದೆ. ಅಪ್ಪ ಮನೆಪಾಠದ ಮೇಷ್ಟ್ರು. ಮುಂದೆ ವಿಯೆನ್ನಾ ಸಮೀಪದ ಹಳ್ಳಿಯೊಂದರಲ್ಲಿ ಜಮೀನು ಮಾಡಿಕೊಂಡರು. ಒಂಬತ್ತನೇ ವಯಸ್ಸಿಗೆ ಹುಡುಗನನ್ನು ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಿದರು. ಒಂದು ವರ್ಷ ನೋಡಿದ ಗುರುಗಳು, ಇವನಿಗೆ ವಿದ್ಯೆ ಹತ್ತುವುದಿಲ್ಲ, ಕೈಕೆಲಸ ಕಲಿಸಿ ಎಂಬ ತೀರ್ಮಾನಕ್ಕೆ ಬಂದರು. ಅಪ್ಪ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಮಗ ಹೊಲದ ಕೆಲಸವನ್ನೂ ಮಾಡಿದ. ವಾರಕ್ಕೆರಡು ದಿನ ಬಡಗಿಯೊಬ್ಬರ ಬಳಿ ಮರಗೆಲಸ ಕಲಿತ. ಅದೊಂದು ಗೊತ್ತಿದ್ದರೆ ಅಮೆರಿಕಕ್ಕೆ ಹೋಗಿಯಾದರೂ ಬದುಕಬಹುದು ಎಂಬುದು ಅವನ ಲೆಕ್ಕ.

ಅಮೆರಿಕ ದಕ್ಕಲಿಲ್ಲ. ಆದರೆ ಉಳಿ ಹಿಡಿದು ಪಳಗಿದ ಕೈ ಕೊನೆಯವರೆಗೂ ಜೊತೆಗಿತ್ತು.

15ನೇ ವಯಸ್ಸಿಗೆ ಮತ್ತೆ ಶಾಲೆಗೆ ಸೇರಿ, 1855ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಹೋಗಿ, 1860ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅಲ್ಲೊಂದು ಜಗಳ ನಡೆಯುತ್ತಿತ್ತು. ಆಂಬ್ಯುಲೆನ್ಸ್ ನಮ್ಮತ್ತ ಬರುವಾಗ ಸೈರನ್ ಕೀರಲಾಗಿ, ದಾಟಿ ಹೋದ ಮೇಲೆ ತಗ್ಗಿದಂತೆ ಕೇಳಿಸುತ್ತದಲ್ಲ, ಆ ಡಾಪ್ಲರ್ ಪರಿಣಾಮ ನಿಜವೇ ಅಲ್ಲವೇ ಎಂಬ ಜಗಳ. ದೊಡ್ಡ ಗಣಿತಜ್ಞ ಪೆಟ್ಸ್‌ವಾಲ್ ಅದು ಸಾಧ್ಯವಿಲ್ಲ ಎನ್ನುತ್ತಿದ್ದರು. ಮಾಕ್ ಆಳುದ್ದದ ಒಂದು ಕೊಳವೆಯ ತುದಿಗೆ ಪೀಪಿ ಕಟ್ಟಿ ಗಾಳಿಮರದ ರೆಕ್ಕೆಯಂತೆ ತಿರುಗಿಸಿದರು. ಪೀಪಿ ಹತ್ತಿರ ಬಂದು ದೂರ ಹೋಗುವ ಜಾಗದಲ್ಲಿ ನಿಂತವರಿಗೆ ಸ್ವರ ಏರಿಳಿಯಿತು. ತಿರುಗಣಿಯ ಅಚ್ಚಿನ ನೇರಕ್ಕೆ ನಿಂತವರಿಗೆ ಸ್ವರ ಬದಲಾಗಲಿಲ್ಲ. ಜಗಳ ಮುಗಿಯಬೇಕಾಗಿತ್ತು, ಅಲ್ಲಿಗೇ ಮುಗಿಯಲಿಲ್ಲ. ವಿದ್ವಾಂಸರ ಜಗಳಗಳು ನಮ್ಮ ಫ್ಯಾಮಿಲಿ ಗ್ರೂಪಿನ ಜಗಳಗಳಿಗಿಂತ ಹೆಚ್ಚು ಬೇಗ ಮುಗಿಯುವುದಿಲ್ಲ.

ಕಿವಿಯೊಳಗಿನ ನೀರು

1864ರಲ್ಲಿ ಗ್ರಾಜ್ ನಗರದಲ್ಲಿ ಪ್ರೊಫೆಸರ್ ಆದರು. 1867ರಲ್ಲಿ ಲೂಯಿಸ್ ಮರುಸ್ಸಿಗ್ ಅವರನ್ನು ಮದುವೆಯಾಗಿ ಪ್ರಾಗ್‌ಗೆ ಹೋದರು. ಅಲ್ಲೇ 28 ವರ್ಷ. ಐದು ಮಕ್ಕಳು.

ಒಮ್ಮೆ ರೈಲಿನಲ್ಲಿ ಹೋಗುವಾಗ, ಹಳಿ ತಿರುವು ತೆಗೆದುಕೊಂಡಾಗ ಕಿಟಕಿಯಾಚೆಯ ಮನೆ, ಮರಗಳೆಲ್ಲ ವಾಲಿ ನಿಂತಂತೆ ಕಂಡವು. ನಾವಾದರೆ ಮೊಬೈಲ್ ನೋಡುತ್ತಾ ಕೂತಿರುತ್ತೇವೆ. ಮಾಕ್ ಮನೆಗೆ ಬಂದು ತಿರುಗುವ ಕುರ್ಚಿ ಕಟ್ಟಿದರು. ದೊಡ್ಡ ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು, ಅದರೊಳಗೆ ಕುರ್ಚಿ, ಹೊರಗಿನದು ಕಾಣದಂತೆ ಸುತ್ತಲೂ ಕಾಗದದ ಮರೆ. ತಾವೇ ಕೂತು ತಿರುಗಿಸಿಕೊಂಡರು. ಕುರ್ಚಿ ತಿರುಗಲು ಶುರುವಾದಾಗ ತಿರುಗುವುದು ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಾ ಹೋದರೆ ಆ ಅನುಭವ ಮಾಯವಾಗುತ್ತದೆ. ನಿಲ್ಲಿಸಿದೊಡನೆ ಉಲ್ಟಾ ದಿಕ್ಕಿಗೆ ತಿರುಗಿದಂತಾಗುತ್ತದೆ. ಮಕ್ಕಳು ಗಿರಗಿಟ್ಲೆ ಆಡಿ ನಿಂತಾಗ ನೆಲ ತಿರುಗುವುದೂ ಇದರಿಂದಲೇ. ಒಳಗಿವಿಯಲ್ಲಿ ಅರ್ಧವೃತ್ತದಂಥ ಮೂರು ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಕ್ಷಣ ಹಿಂದುಳಿಯುತ್ತದೆ, ತಲೆ ನಿಂತಾಗ ಅದು ನಿಲ್ಲದೆ ಮುಂದೆ ಹೋಗುತ್ತದೆ. 1873ರ ಹೊತ್ತಿಗೆ ಮಾಕ್, ವಿಯೆನ್ನಾದ ವೈದ್ಯ ಬ್ರಾಯರ್, ಸ್ಕಾಟ್ಲೆಂಡಿನ ಕ್ರಮ್ ಬ್ರೌನ್, ಮೂವರೂ ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ತಲೆಸುತ್ತಿಗೆ ಇಂದು ಕಿವಿಯ ಡಾಕ್ಟರ ಬಳಿ ಹೋಗುತ್ತೇವಲ್ಲ, ಅದರ ಮೂಲ ಇಲ್ಲಿದೆ.

ಗುಂಡಿನ ಕಥೆಗೂ ಒಂದು ವದಂತಿಯ ಹಿನ್ನೆಲೆಯಿದೆ. 1870–71ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಸೈನಿಕರ ಮೈಮೇಲೆ ಹೊಂಡದಂಥ ಗಾಯಗಳಾಗುತ್ತಿದ್ದವು. ಫ್ರೆಂಚರು ನಿಷೇಧಿತ ಸ್ಫೋಟಕ ಗುಂಡು ಬಳಸುತ್ತಿದ್ದಾರೆ ಎಂಬ ಆರೋಪ ಹಬ್ಬಿತು. ಗುಂಡಿನ ಮುಂದೆ ಒತ್ತಿಹೋದ ಗಾಳಿಯೇ ಗಾಯವನ್ನು ದೊಡ್ಡದು ಮಾಡುತ್ತದೆ ಎಂದು ಬೆಲ್ಜಿಯಂನ ಮೆಲ್ಸನ್ಸ್ ಊಹಿಸಿದರು. ಆ ಗಾಳಿಯನ್ನು ಕಣ್ಣಿಗೆ ಕಾಣಿಸಬಹುದೇ ಎಂದು ಮಾಕ್ ಯೋಚಿಸಿದರು. 1886ರಲ್ಲಿ ಅವರ ಸೂಚನೆಯಂತೆ ಫಿಯೂಮೆಯಲ್ಲಿ (ಈಗಿನ ಕ್ರೊಯೇಷಿಯಾದ ರಿಯೆಕಾ) ಪೀಟರ್ ಸಾಲ್ಕರ್ ವಿದ್ಯುತ್ ಕಿಡಿಯ ಬೆಳಕಲ್ಲಿ ಹಾರುವ ಗುಂಡಿನ ಫೋಟೊ ತೆಗೆದರು. ದೋಣಿಯ ಮುಂದೆ ನೀರು ಸೀಳುವಂತೆ ಗುಂಡಿನ ಮುಂದೆ ಗಾಳಿಯ ಅಲೆ ಸ್ಪಷ್ಟವಾಗಿತ್ತು. ಗುಂಡು ಶಬ್ದಕ್ಕಿಂತ ವೇಗವಾಗಿದ್ದಾಗ ಮಾತ್ರ ಅದು ಕಾಣುತ್ತಿತ್ತು. ಕ್ಷಿಪಣಿಗೆ ಅವರ ಹೆಸರು ಅಂಟಿಕೊಂಡದ್ದು ಈ ಚಿತ್ರಗಳಿಂದ.

ನ್ಯೂಟನ್ನರ ಬಕೆಟ್

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಬಕೆಟ್‌ಗೆ ನೀರು ತುಂಬಿ ಹಗ್ಗದಲ್ಲಿ ತೂಗುಹಾಕಿ. ಹಗ್ಗಕ್ಕೆ ಚೆನ್ನಾಗಿ ಹುರಿ ಕೊಟ್ಟು ಬಿಟ್ಟುಬಿಡಿ. ಮೊದಲು ಬಕೆಟ್ ಮಾತ್ರ ತಿರುಗುತ್ತದೆ, ನೀರು ಸಪಾಟಾಗಿರುತ್ತದೆ. ನಿಧಾನಕ್ಕೆ ನೀರೂ ತಿರುಗುತ್ತದೆ. ಆಗ ನಡು ತಗ್ಗಿ, ಅಂಚು ಏರುತ್ತದೆ. ಈ ಹೊತ್ತಿಗೆ ನೀರು ಮತ್ತು ಬಕೆಟ್ ಎರಡೂ ಒಟ್ಟಿಗೇ ತಿರುಗುತ್ತಿರುವುದರಿಂದ, ಬಕೆಟ್‌ನ ಲೆಕ್ಕದಲ್ಲಿ ನೀರು ಅಲುಗಾಡುತ್ತಲೇ ಇಲ್ಲ. ಹಾಗಾದರೆ ನೀರು ಯಾವುದರ ಲೆಕ್ಕದಲ್ಲಿ ತಿರುಗುತ್ತಿದೆ?

1687ರಲ್ಲಿ ನ್ಯೂಟನ್ ಕೊಟ್ಟ ಉತ್ತರ: ಖಾಲಿ ಆಕಾಶದ ಲೆಕ್ಕದಲ್ಲಿ. ಯಾವ ವಸ್ತುವೂ ಇಲ್ಲದಿದ್ದರೂ ತಾನೇ ತಾನಾಗಿ ಸ್ಥಿರವಾಗಿ ನಿಂತಿರುವ ಒಂದು ನಿರಪೇಕ್ಷ ಆಕಾಶವಿದೆ, ಅದರಲ್ಲಿ ತಿರುಗಿದರೆ ನೀರು ಅಂಚಿಗೆ ಏರುತ್ತದೆ. ಸುಮಾರು ಇನ್ನೂರು ವರ್ಷ ಭೌತಶಾಸ್ತ್ರ ಇದರ ಮೇಲೆ ನಡೆಯಿತು.

1883ರಲ್ಲಿ ಬಂದ ಯಂತ್ರಶಾಸ್ತ್ರದ ಇತಿಹಾಸದ ಪುಸ್ತಕದಲ್ಲಿ ಮಾಕ್ ಇದನ್ನು ಒಪ್ಪಲಿಲ್ಲ. ಯಾರೂ ನೋಡಲಾಗದ, ಅಳೆಯಲಾಗದ ಆಕಾಶವನ್ನು ಕಾರಣವೆಂದು ಹೇಳುವುದು ಕಾರಣ ಹೇಳಿದಂತಾಗದು ಎಂಬುದು ಅವರ ವಾದ. ನಮಗೆ ನಿಜವಾಗಿ ಗೊತ್ತಿರುವುದು, ನೀರು ನಕ್ಷತ್ರಗಳ ಲೆಕ್ಕದಲ್ಲಿ ತಿರುಗುತ್ತಿದೆ ಎಂಬುದು ಮಾತ್ರ. ತೆಳ್ಳನೆಯ ಬಕೆಟ್ ನೀರನ್ನು ಏರಿಸಲಿಲ್ಲ, ನಿಜ. ಆದರೆ ಬಕೆಟ್‌ನ ಗೋಡೆ ಹಲವು ಮೈಲಿ ದಪ್ಪವಿದ್ದು ಅಷ್ಟೂ ತಿರುಗಿದರೆ ಏನಾಗುತ್ತದೆಂದು ಯಾರು ನೋಡಿದ್ದಾರೆ ಎಂದು ಅವರು ಕೇಳಿದರು.

ಅವರು ಇಲ್ಲಿಗೆ ನಿಲ್ಲಿಸಿದರು. ಸೂತ್ರ ಕೊಡಲಿಲ್ಲ, ಲೆಕ್ಕ ಮಾಡಲಿಲ್ಲ. ಆದರೆ ಆ ಪ್ರಶ್ನೆಯೊಳಗೆ ಒಂದು ವಿಚಿತ್ರ ಸಾಧ್ಯತೆ ಅಡಗಿತ್ತು. ಭಾರೀ ವಸ್ತುವೊಂದು ಸುಮ್ಮನೆ ನಿಂತಿದ್ದರೆ ಒಂದು ಥರ, ತಿರುಗುತ್ತಿದ್ದರೆ ಇನ್ನೊಂದು ಥರ ತನ್ನ ಸುತ್ತಲಿನದನ್ನು ಎಳೆಯಬಹುದು. ನ್ಯೂಟನ್ನರ ಗುರುತ್ವದಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ದುಂಡಗಿನ ಭೂಮಿ ತಿರುಗಿದರೂ ಒಂದೇ, ತಿರುಗದಿದ್ದರೂ ಒಂದೇ. ತಿರುಗುವುದರಿಂದ ಭೂಮಿಯ ಹೊಟ್ಟೆ ಉಬ್ಬಿ ಆಕಾರ ಬದಲಾದರೆ ಅದರ ಪರಿಣಾಮ ಇರುತ್ತದೆ, ಆದರೆ ಅದು ಆಕಾರದ ಪರಿಣಾಮ, ತಿರುಗಾಟದ್ದಲ್ಲ. ಬರ್ಲಿನ್‌ನ ಫ್ರೀಡ್‌ಲೆಂಡರ್ ಸಹೋದರರು ಕಾರ್ಖಾನೆಯ ದೈತ್ಯ ಚಕ್ರದ ಬಳಿ ನಾಜೂಕು ತಕ್ಕಡಿಯಿಟ್ಟು ಇದನ್ನು ಹಿಡಿಯಲು ನೋಡಿದರು, 1896ರಲ್ಲಿ ಪುಸ್ತಿಕೆಯನ್ನೂ ಬರೆದರು. ನಂಬಬಹುದಾದ ಫಲಿತಾಂಶ ಸಿಗಲಿಲ್ಲ.

ತಪ್ಪಿದ ಅನುಮಾನ, ಮತ್ತು ಎರಡು ಸಾವುಗಳು

ಮಾಕ್ ಎಲ್ಲದರಲ್ಲೂ ಸರಿಯಿದ್ದರು ಎಂದು ಬರೆದರೆ ಅದೂ ಒಂದು ಫಾರ್ವರ್ಡ್ ಆಗುತ್ತದೆ. ಕಾಣದ್ದನ್ನು ನಂಬಬಾರದು ಎಂಬ ಅದೇ ಹಟದಿಂದ ಅವರು ಪರಮಾಣುಗಳನ್ನೂ ಒಪ್ಪಲಿಲ್ಲ. 1897ರಲ್ಲಿ ವಿಯೆನ್ನಾ ಅಕಾಡೆಮಿಯಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಮಾತಾಡಿದ ಬಳಿಕ, ಪರಮಾಣುಗಳು ಇವೆಯೆಂದು ತಾವು ನಂಬುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಹತ್ತಾರು ವರ್ಷಗಳಲ್ಲಿ ಪೆರಿನ್ ಅವರ ಪ್ರಯೋಗಗಳು ಆ ವಾದವನ್ನು ಮುಗಿಸಿದವು. ಬೋಲ್ಟ್ಸ್‌ಮನ್ ಗೆದ್ದಿದ್ದರು, ಮಾಕ್ ಸೋತಿದ್ದರು.

ಬೋಲ್ಟ್ಸ್‌ಮನ್ 1906ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮಾಕ್ ಅವರ ವಿರೋಧವೇ ಕಾರಣ ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ಬೋಲ್ಟ್ಸ್‌ಮನ್ ವರ್ಷಗಳಿಂದ ತೀವ್ರ ಖಿನ್ನತೆಯಿಂದ ಬಳಲುತ್ತಿದ್ದರು, ಕಣ್ಣು ಮಂದವಾಗಿತ್ತು, ಪಾಠ ಮಾಡಲೂ ಕಷ್ಟವಾಗಿತ್ತು. ಮಾಕ್ ಅಷ್ಟರಲ್ಲಿ ನಿವೃತ್ತರಾಗಿ ಐದು ವರ್ಷವಾಗಿತ್ತು. ಒಬ್ಬರ ಸಾವನ್ನು ಒಂದು ವಾದಕ್ಕೆ ಕಟ್ಟಿಹಾಕುವುದು ಸುಲಭ, ಸರಿಯಲ್ಲ. ಆ ನೋವು ಮಾಕ್ ಅವರಿಗೂ ಗೊತ್ತಿತ್ತು. ಅವರ ಮಗ ಹೈನ್‌ರಿಖ್ 1894ರಲ್ಲಿ ಡಾಕ್ಟರೇಟ್ ಮುಗಿಸಿದ ಬೆನ್ನಿಗೇ ಪ್ರಾಣ ಕಳೆದುಕೊಂಡಿದ್ದ. ಮರುವರ್ಷ ಅವರು ಪ್ರಾಗ್ ಬಿಟ್ಟು ವಿಯೆನ್ನಾಕ್ಕೆ ಬಂದರು.

1898ರಲ್ಲಿ ರೈಲು ಪ್ರಯಾಣದ ನಡುವೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಪ್ರಯೋಗ ಮಾಡುತ್ತಿದ್ದ ಕೈ ಹೋಯಿತು. ಆಮೇಲೆ ಎಡಗೈಯಲ್ಲಿ ಟೈಪ್ ಮಾಡುತ್ತಾ ಪುಸ್ತಕ ಬರೆದರು. ಆಸ್ಟ್ರಿಯಾ ಸಂಸತ್ತಿನ ಮೇಲ್ಮನೆಗೆ ನೇಮಕವಾದರು, ಕುಲೀನ ಪದವಿ ಬೇಡವೆಂದರು. ಕಲ್ಲಿದ್ದಲು ಗಣಿ ಕಾರ್ಮಿಕರ ದುಡಿಮೆಯ ಅವಧಿ ಇಳಿಸುವ ಮಸೂದೆಗೆ, ನಡೆಯಲಾಗದ ಸ್ಥಿತಿಯಲ್ಲೂ ಹೋಗಿ ಮತ ಹಾಕಿ ಬಂದರು.

ಐನ್‌ಸ್ಟೈನ್ ಬರೆದ ಪತ್ರ

ಐನ್‌ಸ್ಟೈನ್‌ಗೆ ಮಾಕ್ ಪುಸ್ತಕವನ್ನು ವಿದ್ಯಾರ್ಥಿ ದಿನಗಳಲ್ಲಿ ಪರಿಚಯಿಸಿದ್ದು ಗೆಳೆಯ ಮಿಶೆಲ್ ಬೆಸ್ಸೊ. 1913ರ ಜೂನ್‌ನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದ ಪ್ರತಿಯನ್ನು ಮಾಕ್‌ಗೆ ಕಳಿಸಿ ಪತ್ರ ಬರೆದರು. ಬಕೆಟ್ ಪ್ರಯೋಗದ ಬಗ್ಗೆ ನೀವು ಎತ್ತಿದ ಆಕ್ಷೇಪ ಈ ಸಿದ್ಧಾಂತದಲ್ಲಿ ಸರಿಯಾಗಿ ನಿಲ್ಲುತ್ತದೆ, ಟೊಳ್ಳು ಗೋಳವೊಂದನ್ನು ತಿರುಗಿಸಿದರೆ ಒಳಗಿರುವುದೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ ಎಂಬುದು ಅದರ ಸಾರ. ಅದೇ ವರ್ಷ ಐನ್‌ಸ್ಟೈನ್ ಮತ್ತು ಬೆಸ್ಸೊ ಸೇರಿ, ಸೂರ್ಯ ತಿರುಗುವುದರಿಂದ ಬುಧನ ಕಕ್ಷೆಗೆ ಏನಾಗುತ್ತದೆಂದೂ ಲೆಕ್ಕ ಹಾಕಿದರು. ಆದರೆ ಆ ಸಿದ್ಧಾಂತವೇ ಕಚ್ಚಾ ಆಗಿತ್ತು. ಬುಧನ ಕಕ್ಷೆ ಶತಮಾನಕ್ಕೆ 43 ಆರ್ಕ್ ಸೆಕೆಂಡ್ ಹೆಚ್ಚುವರಿಯಾಗಿ ಸರಿಯಬೇಕಿದ್ದರೆ (3,600 ಆರ್ಕ್ ಸೆಕೆಂಡ್ ಸೇರಿದರೆ ಒಂದು ಡಿಗ್ರಿ) ಅದರಲ್ಲಿ ಬಂದದ್ದು 18. ಸರಿಯಾದ ಸಮೀಕರಣ ಸಿಕ್ಕಿದ್ದು 1915ರ ನವೆಂಬರ್‌ನಲ್ಲಿ.

ಅಷ್ಟರಲ್ಲಿ ಮಾಕ್ ಮ್ಯೂನಿಕ್ ಬಳಿಯ ಫಾಟರ್‌ಸ್ಟೆಟನ್‌ನಲ್ಲಿ ಮಗ ಲುಡ್ವಿಗ್ ಜೊತೆಗಿದ್ದರು. 1916ರ ಫೆಬ್ರವರಿ 19ರಂದು, 78 ತುಂಬಿದ ಮರುದಿನ, ತೀರಿಕೊಂಡರು. ಐನ್‌ಸ್ಟೈನ್ ಗೌರವದಿಂದ ಶ್ರದ್ಧಾಂಜಲಿ ಬರೆದರು.

ಐದು ವರ್ಷದ ಬಳಿಕ ಆಘಾತ. 1921ರಲ್ಲಿ ಪ್ರಕಟವಾದ ಮಾಕ್ ಅವರ ಬೆಳಕಿನ ಕುರಿತ ಪುಸ್ತಕಕ್ಕೆ 1913ರ ಜುಲೈ ದಿನಾಂಕದ ಮುನ್ನುಡಿಯಿತ್ತು. ತಾನು ಸಾಪೇಕ್ಷತೆಯ ಮುಂಗಾಮಿಯಲ್ಲ, ಅದನ್ನು ಒಪ್ಪುವುದೂ ಇಲ್ಲ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಐನ್‌ಸ್ಟೈನ್ ವಿರೋಧಿಗಳಿಗೆ ಇದು ಹಬ್ಬವಾಯಿತು. ದಶಕಗಳ ಕಾಲ ಎಲ್ಲರೂ ಇದನ್ನು ನಿಜವೆಂದೇ ನಂಬಿದ್ದರು. 1980ರ ದಶಕದಲ್ಲಿ ಜರ್ಮನ್ ತತ್ವಶಾಸ್ತ್ರಜ್ಞ ಗೆರೆಯೋನ್ ವೋಲ್ಟರ್ಸ್ ಪತ್ರ, ಕಾಗದಗಳನ್ನೆಲ್ಲ ಜಾಲಾಡಿ, ಮುನ್ನುಡಿ ಬರೆದದ್ದು ಅಪ್ಪನಲ್ಲ, ಮಗ ಲುಡ್ವಿಗ್ ಎಂದು ವಾದಿಸಿದರು. ಎಲ್ಲ ಇತಿಹಾಸಕಾರರೂ ಇದನ್ನು ಪೂರ್ತಿ ಒಪ್ಪಿಲ್ಲ. ಆದರೆ ಸತ್ತ ಐದು ವರ್ಷದ ಮೇಲೆ ಬಂದ, ಕೈಬರಹದ ಸಾಕ್ಷಿಯಿಲ್ಲದ ಆ ಮುನ್ನುಡಿಯನ್ನು ಸಾಪೇಕ್ಷತೆಯ ವಿರುದ್ಧ ಪುರಾವೆಯಾಗಿ ಹಂಚುವಂತಿಲ್ಲ. ಅಷ್ಟಕ್ಕೂ ಒಪ್ಪಿದ್ದರೋ ಇಲ್ಲವೋ ಎನ್ನುವುದರಿಂದ ಉಪಗ್ರಹದ ಕಕ್ಷೆ ಬದಲಾಗುವುದಿಲ್ಲ.

ಬಕೆಟ್‌ನಿಂದ ಬಳೆಗೆ

ಕಕ್ಷೆ ನಿಜವಾಗಿ ಬದಲಾಗುವುದು ಬೇರೆ ಕಾರಣಕ್ಕೆ. 1918ರಲ್ಲಿ, ಮಾಕ್ ಕೊನೆಗೆ ಪಾಠ ಹೇಳಿದ ವಿಯೆನ್ನಾದಲ್ಲೇ, ಯೋಸೆಫ್ ಲೆನ್ಸ್ ಮತ್ತು ಹಾನ್ಸ್ ಥಿರ್ರಿಂಗ್ ಐನ್‌ಸ್ಟೈನ್ ಸಮೀಕರಣಗಳಿಂದ ಇದನ್ನು ಲೆಕ್ಕ ಹಾಕಿದರು. ಚೆಂಡಿನ ಸುತ್ತ ಒಂದು ಬಳೆ ಇದೆ ಎಂದುಕೊಳ್ಳಿ, ಬಳೆಯ ಮೇಲೆ ಉಪಗ್ರಹ ಓಡುತ್ತಿದೆ. ಚೆಂಡು ತಿರುಗಿದರೆ, ಆ ಬಳೆಯೇ ಚೆಂಡು ತಿರುಗುವ ದಿಕ್ಕಿಗೆ ನಿಧಾನವಾಗಿ ಸರಿಯುತ್ತದೆ. ಯೂಟ್ಯೂಬಿನಲ್ಲಿ ಇದನ್ನು ಜೇನುತುಪ್ಪದಲ್ಲಿ ತಿರುಗುವ ಚೆಂಡಿಗೆ ಹೋಲಿಸುತ್ತಾರೆ. ಹೋಲಿಕೆ ಚೆಂದ, ಆದರೆ ಆಕಾಶ ಅಂಟುದ್ರವವಲ್ಲ, ಉಪಗ್ರಹಕ್ಕೆ ಏನೂ ಉಜ್ಜುವುದಿಲ್ಲ.

ಆ ಕಾಲಕ್ಕೆ ಅಳೆಯಲು ಸಾಧ್ಯವೇ ಇರಲಿಲ್ಲ. 1976ರಲ್ಲಿ ಲೇಜಿಯೋಸ್ ಎಂಬ 60 ಸೆಂ.ಮೀ. ಅಗಲದ ಲೋಹದ ಚೆಂಡನ್ನು ಅಮೆರಿಕ ಸುಮಾರು 5,900 ಕಿ.ಮೀ. ಎತ್ತರಕ್ಕೆ ಹಾರಿಸಿತು. ಮೈತುಂಬ 426 ಪ್ರತಿಫಲಕಗಳು; ನೆಲದಿಂದ ಲೇಸರ್ ಹೊಡೆದರೆ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ. ಭೂಮಿಯ ತಿರುಗಾಟ ಅದರ ಬಳೆಯನ್ನು ವರ್ಷಕ್ಕೆ ಸರಿಸಬೇಕಾದದ್ದು ಎರಡು ಮೀಟರಿಗೂ ತುಸು ಕಡಿಮೆ. ತೊಂದರೆ ಏನೆಂದರೆ, ಭೂಮಿಯ ಉಬ್ಬಿದ ಹೊಟ್ಟೆ ಅದೇ ಬಳೆಯನ್ನು ವರ್ಷಕ್ಕೆ 120 ಡಿಗ್ರಿಗೂ ಹೆಚ್ಚು ತಿರುಗಿಸುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಹುಡುಕಿದಂತೆ. 1992ರಲ್ಲಿ ಹಾರಿದ ಎರಡನೇ ಲೇಜಿಯೋಸ್ ಮತ್ತು ಭೂಮಿಯ ಗುರುತ್ವದ ನಿಖರ ನಕ್ಷೆಗಳು ಸೇರಿ, 2004ರಲ್ಲಿ ಚುಫೊಲಿನಿ ಮತ್ತು ಪಾವ್ಲಿಸ್ ಆ ಪಿಸುಮಾತನ್ನು ಶೇ 10ರಷ್ಟು ಅನಿಶ್ಚಿತತೆಯೊಳಗೆ ಹಿಡಿದರು. ಅದೇ ವರ್ಷ ಹಾರಿದ ಗ್ರಾವಿಟಿ ಪ್ರೋಬ್ ಬಿ ತನ್ನೊಳಗಿನ ಬುಗುರಿಗಳ ವಾಲುವಿಕೆ ಅಳೆಯಿತು. ಲೆಕ್ಕದ ಪ್ರಕಾರ ವರ್ಷಕ್ಕೆ 39.2 ಮಿಲಿ ಆರ್ಕ್ ಸೆಕೆಂಡ್. 2011ರಲ್ಲಿ ಪ್ರಕಟವಾದ ಅಳತೆ 37.2, ಏಳರಷ್ಟು ಆಚೀಚೆ.

ಹಾಗಾದರೆ ಮಾಕ್ ಗೆದ್ದರೇ? ಪೂರ್ತಿಯಾಗಿ ಅಲ್ಲ. ಐನ್‌ಸ್ಟೈನ್ ಸಮೀಕರಣಗಳಲ್ಲಿ ಏನೂ ವಸ್ತುವಿಲ್ಲದ ವಿಶ್ವಕ್ಕೂ ಜಾಗವಿದೆ, ಅಲ್ಲೂ ಜಡತ್ವ ಉಳಿಯುತ್ತದೆ. ಇದು ಮಾಕ್ ಯೋಚನೆಗೆ ಒಗ್ಗದ ಮಾತು. ಆ ಕೊರತೆ ತುಂಬಲೆಂದೇ 1961ರಲ್ಲಿ ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಾನ್ಸ್ ಮತ್ತು ರಾಬರ್ಟ್ ಡಿಕ್ಕಿ ಗುರುತ್ವದ ಬೇರೊಂದು ಸಿದ್ಧಾಂತ ಕಟ್ಟಿದರು. ಗುರುತ್ವದ ಬಲವನ್ನೇ ವಿಶ್ವದ ಒಟ್ಟು ವಸ್ತು ನಿರ್ಧರಿಸುತ್ತದೆ ಎಂಬ ಸಿದ್ಧಾಂತ. ಅದರಲ್ಲಿ ತಿರುಗುವ ಭೂಮಿ ಬಳೆಯನ್ನು ಎಳೆಯುವುದು ಸ್ವಲ್ಪ ಕಡಿಮೆ. ಡಿಕ್ಕಿ ಅವರಿಗೆ ಹಿಡಿಸಿದ ಸಂಖ್ಯೆಗಳನ್ನು ಹಾಕಿದರೆ ಸುಮಾರು ಶೇ 7ರಷ್ಟು ಕಡಿಮೆ. ಬುಧನಿಗೂ 43ರ ಬದಲು ಸುಮಾರು 39 ಬರುತ್ತಿತ್ತು. ಉಳಿದದ್ದನ್ನು ತಿರುಗುವ ಸೂರ್ಯನ ಉಬ್ಬು ತುಂಬಿಕೊಡುತ್ತದೆ ಎಂದು ಡಿಕ್ಕಿ ಆ ಉಬ್ಬನ್ನು ಅಳೆದೂ ಬಿಟ್ಟರು. ನಂತರದ ಅಳತೆಗಳಲ್ಲಿ ಸೂರ್ಯ ಅಷ್ಟು ಉಬ್ಬಿಲ್ಲವೆಂದು ಗೊತ್ತಾಯಿತು. 2002ರಲ್ಲಿ ಶನಿಯತ್ತ ಹೊರಟಿದ್ದ ಕಸೀನಿ ನೌಕೆಯ ರೇಡಿಯೊ ಸಂಕೇತಗಳು ಸೂರ್ಯನ ಪಕ್ಕದಿಂದ ಹಾದುಬಂದಾಗ ಮಾಡಿದ ಪರೀಕ್ಷೆ ಇನ್ನೂ ಬಿಗಿಯಾಗಿತ್ತು. ಬ್ರಾನ್ಸ್–ಡಿಕ್ಕಿ ಸಿದ್ಧಾಂತ ಉಳಿಯಬೇಕಾದರೆ ಅದು ಐನ್‌ಸ್ಟೈನ್‌ನಿಂದ ಎಷ್ಟು ಕಡಿಮೆ ಬೇರೆಯಾಗಿರಬೇಕು ಎಂದರೆ, ಲೇಜಿಯೋಸ್‌ನ ಆ ಎರಡು ಮೀಟರಿನಲ್ಲಿ ವ್ಯತ್ಯಾಸ ವರ್ಷಕ್ಕೊಂದು ತಲೆಗೂದಲಿನ ದಪ್ಪವೂ ಬರುವುದಿಲ್ಲ.

ಮಾಕ್ ಯೋಚನೆಯನ್ನೇ ಅಡಿಪಾಯ ಮಾಡಿಕೊಂಡ ಸಿದ್ಧಾಂತ ಹೀಗೆ ಮೂಲೆಗೆ ಸರಿಯಿತು. ಐನ್‌ಸ್ಟೈನ್ ಕೂಡ ಕೊನೆಯ ವರ್ಷಗಳಲ್ಲಿ ಆ ತತ್ವದ ಮೇಲಿನ ಆಸೆ ಬಿಟ್ಟಿದ್ದರು. ಆದರೆ ತಿರುಗುವ ವಸ್ತುವಿನ ಪ್ರಶ್ನೆ ಮುಗಿದಿಲ್ಲ. ಚೆರ್ನ್–ಸೈಮನ್ಸ್ ಗುರುತ್ವ ಎಂಬ ಇನ್ನೊಂದು ಸಿದ್ಧಾಂತದಲ್ಲಿ, ಸುಮ್ಮನೆ ನಿಂತ ದುಂಡನೆಯ ವಸ್ತುವಿನ ಸುತ್ತ ಎಲ್ಲವೂ ಐನ್‌ಸ್ಟೈನ್ ಹೇಳಿದಂತೆಯೇ ಇರುತ್ತದೆ. ವಸ್ತು ತಿರುಗಿದಾಗ ಮಾತ್ರ ವ್ಯತ್ಯಾಸ ಬರುತ್ತದೆ. ಅದನ್ನು ಪರೀಕ್ಷಿಸಲು ಸಂಶೋಧಕರು ಹಿಡಿದುಕೊಂಡದ್ದು ಲೇಜಿಯೋಸ್ ಚೆಂಡುಗಳ ಮತ್ತು ಗ್ರಾವಿಟಿ ಪ್ರೋಬ್ ಬಿಯ ಅದೇ ಅಳತೆಗಳನ್ನು. ಸದ್ಯಕ್ಕೆ ಐನ್‌ಸ್ಟೈನ್ ಲೆಕ್ಕವೇ ನಿಂತಿದೆ. ಇಂಧನವೂ ಯಂತ್ರವೂ ಇಲ್ಲದ ಆ ಚೆಂಡುಗಳು ಇನ್ನೂ ಸುತ್ತುತ್ತಲೇ ಇವೆ, ನೆಲದಿಂದ ಲೇಸರ್ ಇವತ್ತೂ ಅವುಗಳ ಕಡೆ ಹೋಗಿ ಬರುತ್ತಿದೆ.